ಹದಿನಾಲ್ಕು ಹೆಜ್ಜೆಯಲ್ಲಿ ಕರ್ಣ

"ಹತ್ತನೇ ಕ್ಲಾಸಿಗೆ ನಾಟಕ ಬೇಡ ಮೇಷ್ಟ್ರೇ, ರಿಸಲ್ಟ್ ಬಿದ್ದುಹೋಗುತ್ತೆ." ಸ್ಟಾಫ್ ರೂಮಿನಲ್ಲಿ ಇದನ್ನು ಹೇಳದವರೇ ಇರಲಿಲ್ಲ. ನಾನು ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಒಂದು ವರ್ಷ ಮಣ್ಣು ಹೊತ್ತು ಬಂದವನು, ಹಟ ಬಿಡಲಿಲ್ಲ.

ಮೊದಲ ವರ್ಷ ಮಾಡಿದ್ದು ದೊಡ್ಡ ಪೌರಾಣಿಕ. ಪರದೆ, ಕಿರೀಟ, ಲೈಟು ಎಲ್ಲವೂ ಬಾಡಿಗೆ. ಏಳೆಂಟು ಸಾವಿರ ಆಯ್ತು, ಅರ್ಧ ನನ್ನ ಜೇಬಿನದು. ಮಕ್ಕಳೆಲ್ಲ ನೇತುಬಿಟ್ಟ ಒಂದೇ ಮೈಕಿನ ಕೆಳಗೆ ಗುಂಪಾಗಿ ನಿಂತರು. ಕರ್ಣ ಮಾತು ಮರೆತ. ನಾನು ವಿಂಗಿನಿಂದ ಹೇಳಿಕೊಟ್ಟಿದ್ದು ಊರಿಗೆಲ್ಲ ಕೇಳಿಸಿತು. ಮರುವರ್ಷ ಪರಿಸರದ ಮೇಲೆ ನಾನೇ ಒಂದು ಬರೆದೆ. ಅದರ ಬಗ್ಗೆ ಮಾತು ಬೇಡ.

ಮೂರನೇ ವರ್ಷ ಕೈಯಲ್ಲಿ ಕಾಸಿರಲಿಲ್ಲ. ಪಠ್ಯದಲ್ಲಿದ್ದ ಕುಮಾರವ್ಯಾಸನನ್ನೇ ಹಿಡಿದೆ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಭಾಗ, 'ಕೌರವೇಂದ್ರನ ಕೊಂದೆ ನೀನು'. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಅದು ಭಾಮಿನಿ ಷಟ್ಪದಿ, ಆರು ಸಾಲಿನ ಪದ್ಯ. ಮಾತ್ರೆ ಅಂದರೆ ಉಚ್ಚಾರದ ಅಳತೆ, ಗಣ ಅಂದರೆ ಮಾತ್ರೆಗಳ ಗುಂಪು; ಇಲ್ಲಿ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಒಂದಾದ ಮೇಲೊಂದು ಓಡುತ್ತವೆ. ಒಂದು ಗಣಕ್ಕೆ ಒಂದು ಹೆಜ್ಜೆ. 'ಇನತನೂಜನ ಕೂಡೆ ಮೈದುನ' ಅನ್ನೋ ಸಾಲು ಹೀಗೆ ಒಡೆಯುತ್ತೆ: ಇನತ, ನೂಜನ, ಕೂಡೆ, ಮೈದುನ. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಮೂರನೆಯದಕ್ಕೆ ಆರು. ಅದರ ಕೊನೆಯ ಗುರುವಿಗೆ (ಎರಡು ಮಾತ್ರೆಯ ಅಕ್ಷರ) ಗಕ್ಕನೆ ನಿಲ್ಲಬೇಕು. ಉಳಿದ ಮೂರು ಸಾಲಿಗೆ ತಿರುಗಿ ಮತ್ತೆ ಹದಿನಾಲ್ಕು.

ಮೊದಲ ವಾರ ಹಾಳು. ಎಲ್ಲರೂ ಕಾಲು ನೋಡಿಕೊಂಡೇ ನಡೆದರು, ದನಿ ನೆಲಕ್ಕೇ ಹೋಯ್ತು. ತಲೆ ಮೇಲೆ ನೋಟ್‌ಬುಕ್ ಇಡಿಸಿದೆ, ಕತ್ತು ಮೇಲೆ ಬಂತು. ಎರಡನೇ ವಾರದ ಹೊತ್ತಿಗೆ ಬಾಯಿಪಾಠ ಅಂದರೆ ಓಡಿಹೋಗುತ್ತಿದ್ದ ಹುಡುಗರೂ ಏಳೆಂಟು ಪದ್ಯ ಸಲೀಸಾಗಿ ಹೇಳುತ್ತಿದ್ದರು. ಮೈಕ್ ಇಲ್ಲದೆ ಕೊನೆಯ ಸಾಲಿಗೂ ಕೇಳುತ್ತಿತ್ತು.

ಅಭಿನಯ ಬಂದಿದ್ದು ಆಮೇಲೆ. ಕರ್ಣನ ಕೊರಳು ಬಿಗಿಯುವ ಪದ್ಯದಲ್ಲಿ ಹುಡುಗಿಗೆ (ಹೌದು, ಕರ್ಣ ಹುಡುಗಿಯೇ) ಅಳು ಅಂತ ಹೇಳಲಿಲ್ಲ. ಹೆಜ್ಜೆ ತಪ್ಪಿಸು ಅಂದೆ, ಅಷ್ಟೇ. ಹದಿನೈದು ದಿನ ತಪ್ಪದ ಹೆಜ್ಜೆ ಅಲ್ಲಿ ತಪ್ಪಿದಾಗ ನೋಡುತ್ತಿದ್ದವರ ಗಂಟಲೂ ಕಟ್ಟಿತು. ಬೇಡ ಅಂದಿದ್ದ ಗಣಿತದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಯಾವ ಗಣದಲ್ಲಿ ತಪ್ಪಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಖರ್ಚು? ಎರಡು ಪಂಚೆ, ಸೀಮೆಸುಣ್ಣ, ದಿನಾ ಸಂಜೆ ಮಂಡಕ್ಕಿ. ಒಂಬೈನೂರು ದಾಟಿರಲಿಕ್ಕಿಲ್ಲ. ಆ ಸಲ ಕನ್ನಡದಲ್ಲಿ ಒಬ್ಬರೂ ಫೇಲಾಗಲಿಲ್ಲ. ಪರೀಕ್ಷೆ ಹಾಲಿನಲ್ಲಿ ಬೆಂಚಿನ ಕೆಳಗೆ ಕಾಲು ಕುಟ್ಟಿದ್ದಕ್ಕೆ ಒಬ್ಬ ಬೈಸಿಕೊಂಡ.

ಇದೇ ಆಟವನ್ನು ರನ್ನನ ಗದಾಯುದ್ಧದ ಕಂದಪದ್ಯಕ್ಕೂ ಹೂಡಿ ನೋಡಿದೆ. ಎಲ್ಲ ಗಣವೂ ನಾಲ್ಕು ಮಾತ್ರೆ ಅಲ್ವಾ, ದುರ್ಯೋಧನ ಸೀದಾ ಪಿ.ಟಿ. ಪೆರೇಡಿಗೆ ಹೊರಟ ಹಾಗಾಯ್ತು. ಮಕ್ಕಳು ನಕ್ಕು ನಕ್ಕು ಬಿದ್ದರು. ಈಗ ಹೆಜ್ಜೆ ಬಿಟ್ಟು ತಮಟೆ ಇಟ್ಟು ನೋಡುತ್ತಿದ್ದೇನೆ. ಪಕ್ಕದ ಕ್ಲಾಸಿನವರು ಇನ್ನೂ ಸುಮ್ಮನಿದ್ದಾರೆ.