ಲಾವಾದ ವಯಸ್ಸು ನೋಡುತ್ತಾ ನಡೆದೆ: ರಿಯೂನಿಯನ್ ನ್ಯಾಷನಲ್ ಪಾರ್ಕ್, ನನ್ನ ಅನುಭವ

ರಿಯೂನಿಯನ್‌ನಲ್ಲಿ ಜ್ವಾಲಾಮುಖಿ ನೋಡಬೇಕು ಅಂದ್ರೆ ನಸುಕಿನಲ್ಲೇ ಏಳಬೇಕು, ಬೇರೆ ದಾರಿ ಇಲ್ಲ. ಬೆಳಿಗ್ಗೆ ಹತ್ತು ಗಂಟೆ ಅನ್ನುವಷ್ಟರಲ್ಲಿ ಕೆಳಗಿನಿಂದ ಮೋಡ ಏರಿ ಬರುತ್ತದೆ, ಆಮೇಲೆ ಎದುರಿಗಿರುವ ಬೆಟ್ಟವೂ ಕಾಣುವುದಿಲ್ಲ. ಹೋಟೆಲಿನಲ್ಲಿ ತಿಂಡಿ ಕೊಡುವ ತನಕ ಕಾಯುತ್ತಾ ಕೂತರೆ ಆ ದಿನ ಹೋಯಿತು ಅಂತಲೇ ಲೆಕ್ಕ.

ದ್ವೀಪ ಇರುವುದು ಹಿಂದೂ ಮಹಾಸಾಗರದಲ್ಲಿ, ಮಾರಿಷಸ್‌ನ ಪಕ್ಕ, ಆಡಳಿತ ಫ್ರಾನ್ಸ್‌ನದು. 2007ರಲ್ಲಿ ನ್ಯಾಷನಲ್ ಪಾರ್ಕ್ ಮಾಡಿದರು, 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ದ್ವೀಪದ ಶೇ. 40ಕ್ಕೂ ಜಾಸ್ತಿ ಜಾಗ ಪಾರ್ಕಿನೊಳಗೇ ಇದೆ. ಜನ ಕರಾವಳಿಯ ಅಂಚಿನಲ್ಲಿ, ಕಾಡು ನಡುವೆ. ಜ್ವಾಲಾಮುಖಿಗಳು ಎರಡು. 3,070 ಮೀಟರಿನ ಪಿಟೋನ್ ದೇ ನೇಜ್ ಎಂದೋ ತಣ್ಣಗಾಗಿ ಕೂತಿದೆ. ಆದರೆ 2,632 ಮೀಟರಿನ ಪಿಟೋನ್ ದ ಲಾ ಫೂರ್ನೇಜ್ ಈಗಲೂ ಆಗಾಗ ಲಾವಾ ಉಗುಳುತ್ತದೆ.

ನಾನು ಹೋಗಿದ್ದಕ್ಕೆ ಒಂದು ಹಳೇ ಕುತೂಹಲ ಕಾರಣ. ನಮ್ಮದು ವಿಜಯಪುರ. ಎರೆ ಹೊಲ, ಕರಿಕಲ್ಲು, ಗೋಳಗುಮ್ಮಟ ಕಟ್ಟಿದ ಕಲ್ಲು, ಎಲ್ಲವೂ ಲಾವಾದ ಸಂತಾನ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನ್ ಮೇಲೆ ಹರಿದ ಆ ಲಾವಾಕ್ಕೂ ಇವತ್ತು ರಿಯೂನಿಯನ್ ಕೆಳಗೆ ಭೂಮಿಯ ಆಳದಿಂದ ಏಳುವ ಬಿಸಿ ಕಲ್ಲಿನ ಬುಗ್ಗೆಗೂ (ಹಾಟ್‌ಸ್ಪಾಟ್) ನಂಟಿದೆ ಅನ್ನುವುದು ಬಹಳಷ್ಟು ಭೂವಿಜ್ಞಾನಿಗಳು ಒಪ್ಪುವ ಮಾತು. ಬುಗ್ಗೆ ಕೆಳಗೇ ಉಳಿಯಿತು, ಮೇಲಿನ ಭಾರತದ ನೆಲ ಉತ್ತರಕ್ಕೆ ಸರಿಯುತ್ತಾ ಹೋಯಿತು, ಆ ದಾರಿಯುದ್ದಕ್ಕೂ ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್ ಅಂತ ಗುರುತುಗಳು ಬಿದ್ದವು. ನಮ್ಮ ಹೊಲದ ಮಣ್ಣು ಹುಟ್ಟಿದ ಒಲೆ ಇನ್ನೂ ಉರಿಯುತ್ತಿದೆ ಅಂದಮೇಲೆ ನೋಡದೆ ಇರೋಕಾಗುತ್ತಾ?

ಮೊದಲು ಫೂರ್ನೇಜ್‌ನ ಮೇಲಿನ ನಡಿಗೆ ಮುಗಿಸಿದೆ. ಬೂರ್ ಮುರಾ ಊರಿನಿಂದ ಕಾರಿನಲ್ಲಿ ಹೊರಟರೆ ಕಾಡು ತೆಳುವಾಗುತ್ತಾ ಹೋಗಿ, ಒಂದು ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಪ್ಲೇನ್ ದೇ ಸಾಬ್ಲ್ ಎದುರಾಗುತ್ತದೆ. ಕೆಂಪು ಕಪ್ಪು ಪುಡಿಗಲ್ಲಿನ ಬಯಲು, ಗಿಡ ಅಂದ್ರೆ ಅಲ್ಲೊಂದು ಇಲ್ಲೊಂದು ಕುಳ್ಳ ಪೊದೆ. ರಸ್ತೆ ಮುಗಿಯುವುದು ಪಾ ದ ಬೆಲ್‌ಕೋಂಬ್‌ನಲ್ಲಿ. ಅಲ್ಲಿಂದ ಕಡಿದಾದ ಗೋಡೆಗೆ ಅಂಟಿದ ನೂರಾರು ಮೆಟ್ಟಿಲು ಇಳಿದು, ಫೋರ್ಮಿಕಾ ಲಿಯೋ ಅನ್ನುವ ಕೆಂಪು ಗುಡ್ಡೆ ದಾಟಿ, ಬಂಡೆಗಳಿಗೆ ಬಳಿದ ಬಿಳಿ ಬಣ್ಣದ ಗುರುತು ಹಿಡಿದು ನಡೆಯಬೇಕು. ಮೋಡ ಮುಚ್ಚಿದಾಗ ಆ ಬಿಳಿ ಚುಕ್ಕೆಯೇ ಗತಿ, ಒಂದು ಗುರುತು ಕಾಣುವ ತನಕ ಹಿಂದಿನದನ್ನು ಬಿಟ್ಟು ಕದಲಬೇಡಿ. ಹೋಗಿ ಬರುವುದಕ್ಕೆ ಐದು ಗಂಟೆ ಹಿಡಿಯುತ್ತದೆ, ನೆರಳು ಇಲ್ಲವೇ ಇಲ್ಲ, ನೀರೂ ಸಿಗುವುದಿಲ್ಲ. ಜೂನ್‌ನಿಂದ ಆಗಸ್ಟ್ ಅಲ್ಲಿ ಚಳಿಗಾಲ, ನಸುಕಿನಲ್ಲಿ ಕೈ ಮರಗಟ್ಟುತ್ತದೆ. ಉಷ್ಣವಲಯದ ದ್ವೀಪ ಅಂತ ಹತ್ತಿ ಅಂಗಿ ಮಾತ್ರ ತುಂಬಿಕೊಂಡು ಹೋಗಬೇಡಿ. ಟೆಕ್‌ಟೆಕ್ ಅನ್ನುವ ಪುಟ್ಟ ಹಕ್ಕಿ ಬಂಡೆಯಿಂದ ಬಂಡೆಗೆ ಹಾರುತ್ತಾ ನಮ್ಮ ಜೊತೆಗೇ ಬರುತ್ತದೆ. ರಿಯೂನಿಯನ್ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ ಅದು.

ಮೇಲಿರುವ ಡೊಲೊಮಿಯು ಕ್ರೇಟರ್‌ನ, ಅಂದ್ರೆ ಜ್ವಾಲಾಮುಖಿಯ ಬಾಯಿಯ, ತಳ 2007ರ ಏಪ್ರಿಲ್‌ನಲ್ಲಿ 300 ಮೀಟರಿಗೂ ಜಾಸ್ತಿ ಕುಸಿದಿತ್ತು. ನೋಡುವಂಥದ್ದೇ, ಇಲ್ಲ ಅನ್ನಲ್ಲ. ಆದರೆ ನನಗೆ ಜಾಸ್ತಿ ಸಿಕ್ಕಿದ್ದು ಕೆಳಗೆ, ಗ್ರಾಂ ಬ್ರೂಲೆಯಲ್ಲಿ.

ಲಾವಾ ಸಮುದ್ರಕ್ಕೆ ಇಳಿಯುವ ಇಳಿಜಾರು ಇದು. ನಡುವೆ ಹೆದ್ದಾರಿ ಹೋಗುತ್ತದೆ. ಲಾವಾ ಬಂದಾಗ ರಸ್ತೆ ಮುಚ್ಚಿಹೋಗುತ್ತದೆ, ತಣ್ಣಗಾದ ಮೇಲೆ ಅದರ ಮೇಲೇ ಹೊಸ ರಸ್ತೆ ಹಾಕುತ್ತಾರೆ. ಪ್ರತಿ ಹರಿವಿನ ಪಕ್ಕ ಇಸವಿ ಬರೆದ ಫಲಕ ಇದೆ. ನಾನು ಮಾಡಿದ್ದು ಇಷ್ಟೇ: ಫಲಕ ಕಂಡಲ್ಲೆಲ್ಲ ಕಾರು ನಿಲ್ಲಿಸಿ, ಹೊಸದರಿಂದ ಹಳೆಯದಕ್ಕೆ ಅಂತ ಸಾಲು ಮಾಡಿಕೊಂಡು, ಎಲ್ಲಿ ಏನು ಬೆಳೆದಿದೆ ಅಂತ ಮಂಡಿಯೂರಿ ನೋಡಿದೆ. 2007ರ ಹರಿವಿನಲ್ಲಿ ಮೊದಲು ಕಂಡಿದ್ದು ಕಲ್ಲುಹೂವು. ನಾವು ಮಸಾಲೆಗೆ ಹಾಕುತ್ತೀವಲ್ಲ, ಅದೇ ಗುಂಪಿನದು, ಆದರೆ ಬೂದು ಬಣ್ಣದ ಸಣ್ಣ ಸಣ್ಣ ಕುಚ್ಚು. ದೂರದಿಂದ ನೋಡಿದರೆ ಬಂಡೆಗೆ ಬೂದಿ ಎರಚಿದಂತಿತ್ತು. ಕೆಲವು ಕಡೆ ಲಾವಾದ ಮೇಲ್ಪದರ, ಕಾದ ಹಾಲಿನ ಕೆನೆಯನ್ನು ಬೆರಳಿನಿಂದ ಸರಿಸಿದ ಹಾಗೆ, ಮಡಿಕೆ ಮಡಿಕೆಯಾಗಿ ನಿಂತಿತ್ತು. ಆ ಮಡಿಕೆಯ ಸಂದಿನಲ್ಲಿ ತೇವ ನಿಲ್ಲುತ್ತದೆ, ಜರೀಗಿಡ ತಲೆ ಎತ್ತುವುದೂ ಅಲ್ಲೇ. ಕಲ್ಲಿನೊಳಗೆ ಆಲಿವೀನ್ ಅನ್ನುವ ಖನಿಜದ ಹಸಿರು ಹರಳುಗಳು ಮಿನುಗುತ್ತಿದ್ದವು. (ಪಾರ್ಕಿನಿಂದ ಕಲ್ಲು, ಗಿಡ ಏನನ್ನೂ ತರುವ ಹಾಗಿಲ್ಲ. ಫೋಟೊ ಸಾಕು.) ಹಳೆಯ ಹರಿವುಗಳಲ್ಲಿ ಪೊದೆ, ಇನ್ನೂ ಹಳೆಯದರಲ್ಲಿ ಮರ. ಎಲ್ಲಿ ಕಲ್ಲು ಮುಗಿದು ಕಾಡು ಶುರುವಾಯಿತು ಅನ್ನುವುದೇ ಗೊತ್ತಾಗುವುದಿಲ್ಲ.

ಇಷ್ಟು ಬೇಗ ಬೆಳೆಯುವುದಕ್ಕೆ ಮಳೆ ಕಾರಣ. ಈ ದ್ವೀಪದ ಫೋಕ್‌ಫೋಕ್‌ನಲ್ಲಿ 1966ರ ಜನವರಿಯಲ್ಲಿ 24 ಗಂಟೆಯೊಳಗೆ 1,825 ಮಿಲಿಮೀಟರ್ ಮಳೆ ಬಿದ್ದಿತ್ತು. ನಮ್ಮ ವಿಜಯಪುರಕ್ಕೆ ಮೂರು ವರ್ಷ ಬೀಳುವ ಮಳೆ ಅದು.

ತೊಂದರೆ ಏನಂದ್ರೆ, ಖಾಲಿ ಲಾವಾ ಮೇಲೆ ಊರಿನ ಗಿಡಗಳ ಜೊತೆ ಹೊರಗಿನವೂ ನುಗ್ಗುತ್ತವೆ. ಗೋಯಾವಿಯೇ ಅನ್ನುವ ಕೆಂಪು ಸಣ್ಣ ಸೀಬೆ ಬ್ರೆಜಿಲ್ ಕಡೆಯದು, ಈಗ ಕಾಡಿನ ಅಂಚಿನಲ್ಲೆಲ್ಲ ಅದೇ. ಹಣ್ಣು ಹುಳಿಸಿಹಿ, ಸ್ಥಳೀಯರು ಬುಟ್ಟಿಗಟ್ಟಲೆ ಕಿತ್ತು ಜಾಮ್ ಮಾಡುತ್ತಾರೆ, ನಾನೂ ತಿಂದೆ. ಬೀಜ ಹಕ್ಕಿಯಿಂದಲೂ ಹರಡುತ್ತದೆ, ಬೂಟಿನ ಮಣ್ಣಿನಲ್ಲೂ ಹೋಗಬಹುದು. ಹಾಗಾಗಿ ಕೆಳಗಿನ ಕಾಡಿನಲ್ಲಿ ನಡೆದ ಬೂಟನ್ನು ಹಳೇ ಬ್ರಷ್‌ನಿಂದ ಉಜ್ಜಿಯೇ ಮೇಲಿನ ದಾರಿಗೆ ಹಾಕುತ್ತಿದ್ದೆ. ಎರಡು ನಿಮಿಷದ ಕೆಲಸ.

ಊಟಕ್ಕೆ ಚಿಂತೆ ಬೇಡ. ತಮಿಳು ಮೂಲದವರು ತಲೆಮಾರುಗಳಿಂದ ಇದ್ದಾರೆ, ರಸ್ತೆ ಬದಿಯಲ್ಲಿ ಸಮೋಸವೂ, ಕಾಳು ರುಬ್ಬಿ ಮೆಣಸಿನಕಾಯಿ ಹಾಕಿ ಕರಿದ ಬೋಂಬೋಂ ಪಿಮಾಂ ಅನ್ನುವ ಸಣ್ಣ ವಡೆಯೂ ಸಿಗುತ್ತದೆ. ಮಾತಿಗೆ ಮಾತ್ರ ನಾಲ್ಕು ಫ್ರೆಂಚ್ ಪದ ಕಲಿತು ಹೋಗಿ, ಇಂಗ್ಲಿಷ್ ಅಷ್ಟಾಗಿ ನಡೆಯುವುದಿಲ್ಲ.

ಸ್ಫೋಟ ಶುರುವಾದರೆ ಬೆಲ್‌ಕೋಂಬ್‌ನ ಗೇಟ್ ಹಾಕಿಬಿಡುತ್ತಾರೆ, ಕೆಳಗಿಳಿಯಲು ಬಿಡುವುದಿಲ್ಲ. ಆಗ ಜನ ದೂರದ ಅಂಚಿನಿಂದ, ರಾತ್ರಿಯಲ್ಲಿ ಕೆಂಪು ಹರಿವನ್ನು ನೋಡುತ್ತಾರೆ. ನಾನಿದ್ದಾಗ ಬೆಟ್ಟ ಸುಮ್ನೆ ಇತ್ತು. "ಅಯ್ಯೋ, ಲಾವಾನೇ ನೋಡಲಿಲ್ವಾ?" ಅಂತ ಊರಿನಲ್ಲಿ ಕೇಳುತ್ತಾರೆ. ಗೇಟ್ ಹಾಕಿದ್ದರೆ ಕ್ರೇಟರ್ ತನಕ ನಡೆಯುವುದೇ ಆಗುತ್ತಿರಲಿಲ್ಲ, ಅಲ್ವಾ.