ಇಬ್ಬರೂ ದುಡಿಯುವ ಮನೆಗೆ ಭಾನುವಾರದ 20 ನಿಮಿಷ

ಸಂಗಾತಿಯ ಅಚ್ಚುಕಟ್ಟುತನ ನಮ್ಮ ನೌಕರಿಗೂ ಬಲ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಆಸ್ಟ್ರೇಲಿಯಾದ ಸಾವಿರಾರು ವಿವಾಹಿತರ 5 ವರ್ಷಗಳ ಮಾಹಿತಿ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಜವಾಬ್ದಾರಿಯುತ ಸಂಗಾತಿ ಇರುವವರಲ್ಲಿ ಆದಾಯ, ಬಡ್ತಿ, ಕೆಲಸದ ತೃಪ್ತಿ ಹೆಚ್ಚು ಕಂಡುಬಂತು.

ಹಾಗಾಗಿ ಭಾನುವಾರ ಸಂಜೆ ಇಬ್ಬರೂ ಕ್ಯಾಲೆಂಡರ್ ಹಿಡಿದು ಕೂರಿ. ರಾತ್ರಿ ಕಾಲ್ ಯಾವತ್ತು, ಊರಿಂದ ಯಾರು ಬರ್ತಾರೆ, ಇಂಟರ್‌ವ್ಯೂ ಯಾರಿಗೆ, ಎಲ್ಲ ಬರೆದುಕೊಳ್ಳಿ. ಒಬ್ಬರಿಗೆ ಬಿಗಿಯಾದ ವಾರವಾದರೆ ಅಡುಗೆ, ಮಗು ಇನ್ನೊಬ್ಬರ ಪಾಲು. ಮುಂದಿನ ವಾರ ಅದಲುಬದಲು.

ಹೆಚ್ಚಿನ ಮನೆಗಳಲ್ಲಿ ಎಡವುವುದು "ಹೇಳು, ಮಾಡ್ತೀನಿ" ಅನ್ನುವಲ್ಲಿ. ಹೇಳುವುದೂ ಒಂದು ಕೆಲಸವೇ, ಅದು ಬಹುಪಾಲು ಹೆಂಡತಿಯ ತಲೆ ಮೇಲೇ ಉಳಿಯುತ್ತೆ. ಮಗುವಿನ ಲಸಿಕೆ ನಿಮ್ಮದು ಎಂದರೆ ತಾರೀಖು ನೆನಪಿಡುವುದು, ರಜೆ ಹಾಕುವುದು, ಲಸಿಕೆ ಕಾರ್ಡ್ ಹುಡುಕುವುದು, ರಾತ್ರಿ ಜ್ವರ ಬಂದರೆ ಎದ್ದು ನೋಡುವುದು, ಅಷ್ಟೂ ನಿಮ್ಮದೇ. ಅರ್ಧ ಹಂಚಿಕೊಂಡ ಕೆಲಸದಿಂದ ಯಾರ ತಲೆಯೂ ಹಗುರಾಗಲ್ಲ.

ಆಫೀಸಿನಿಂದ ಬೇಸರ ಹೊತ್ತು ಬಂದವರಿಗೆ ತಕ್ಷಣ ಉಪದೇಶ ಬೇಡ. "ಸುಮ್ನೆ ಕೇಳ್ಲಾ, ಏನಾದ್ರೂ ಸಲಹೆ ಕೊಡ್ಲಾ?" ಅಂತ ಮೊದಲು ಕೇಳಿ. ಒಳ್ಳೆ ಸುದ್ದಿಗೂ ಬರೀ "ಓಹ್, ಸರಿ" ಸಾಲದು. ಮೊಬೈಲ್ ಕೆಳಗಿಟ್ಟು, ಹೇಗಾಯ್ತು, ಯಾರು ಏನಂದ್ರು ಅಂತ ವಿಚಾರಿಸಿ.

ಕೆಲಸ ಬಿಡುವ ಯೋಚನೆ ಇದ್ದರೆ ರಾಜೀನಾಮೆಗೆ ಮೊದಲೇ ಲೆಕ್ಕ ಹಾಕಿ: ಬಾಡಿಗೆ, ಇಎಂಐ, ಶಾಲೆ ಫೀಸು ಸೇರಿ 6 ತಿಂಗಳ ಖರ್ಚು ಕೈಯಲ್ಲಿರಲಿ. ಎಷ್ಟು ತಿಂಗಳು ಒಬ್ಬರ ಸಂಬಳದಲ್ಲಿ ನಡೆಸುವುದು ಅಂತ ಗಡುವೂ ಇಬ್ಬರೂ ಕೂತೇ ಬರೆದಿಡಿ.