ಇಂಗ್ಲಿಷ್‌ನಲ್ಲಿ ಪ್ರಾಜೆಕ್ಟ್ ಬರೆಯುವವರಿಗೆ

ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಕ್ಯಾಂಪಸ್‌ನಲ್ಲಿ ಪ್ರಾಜೆಕ್ಟ್ ಬರೆಯುತ್ತಿರುವವರೇ, ಪ್ರಾಜೆಕ್ಟ್‌ಗೆ ಬೇಕಾದ ಲೇಖನ ಓದಿದ ಮೇಲೆ ಅದನ್ನು ಮುಚ್ಚಿಡಿ. ನೆನಪಿದ್ದಷ್ಟನ್ನು ನಿಮ್ಮದೇ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಆಮೇಲೆ ತೆರೆದು ಹೋಲಿಸಿ, ಲೇಖಕರ ಹೆಸರು, ವರ್ಷ ಅಲ್ಲೇ ಹಾಕಿ. ಎದುರಿಗೆ ಇಟ್ಕೊಂಡು ಬರೆದರೆ ಅವರ ವಾಕ್ಯವೇ ಬಂದುಬಿಡುತ್ತದೆ. ನಾಲ್ಕು ಪದ ಬದಲಿಸಿದರೂ ಅದು ನಕಲೇ ಅಲ್ವಾ?

ಪ್ಯಾರಾದ ಮೊದಲ ವಾಕ್ಯದಲ್ಲೇ ವಿಷಯ ಹೇಳಿ. ಮೆಕ್ಕೆಜೋಳದ ಬೆಲೆ ಬಗ್ಗೆ ಬರೆಯುವಾಗ ‘ಕೃಷಿ ದೇಶದ ಬೆನ್ನೆಲುಬು’ ಅಂತ ಸುಮ್ನೆ ಶುರು ಮಾಡಬೇಡಿ. ‘ಕೊಯ್ಲಿನ ಹೊತ್ತಿಗೆ ಎಪಿಎಂಸಿಗೆ ಆವಕ ಜಾಸ್ತಿಯಾದಾಗ ಬೆಲೆ ಇಳಿಯುತ್ತದೆ’ ಎಂದೇ ಆರಂಭಿಸಿ, ಅದರ ಕೆಳಗೆ ನೀವು ಕಲೆಹಾಕಿದ ಅಂಕಿಅಂಶ ಕೊಡಿ.

ಮಾದರಿಗೆ ಶೋಧಗಂಗಾ ವೆಬ್‌ಸೈಟ್‌ನಲ್ಲಿ ಪಿಎಚ್‌ಡಿ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಎಲ್ಲದರ ಭಾಷೆಯೂ ಚೆನ್ನಾಗಿರುವುದಿಲ್ಲ, ಅಧ್ಯಾಯಗಳ ಜೋಡಣೆ ನೋಡಿದರೆ ಸಾಕು.